ಕಾಯ್ದಿರಿಸಲಾಗಿದೆ

ಒಂದು ಪದದ ಅರ್ಥ ತಪ್ಪಾಗಿ ತಿಳಿದರೆ ಎಷ್ಟು ಖರ್ಚು ಬೀಳುತ್ತದೆ? ಕುರ್ಚಿಯಣ್ಣನಿಗೆ ಬಿದ್ದ ಖರ್ಚು ಹೀಗೆ. ಕೇಕಿಗೆ ಒಂದೂವರೆ ದಿನದ ಕೂಲಿ. ಹೂಗುಚ್ಛಕ್ಕೆ ಅರ್ಧ ದಿನದ್ದು. ಏಳು ಜನ ಕೂರುವ ವ್ಯಾನಿನ ಬಾಡಿಗೆಗೆ ಎರಡು ದಿನದ್ದು. ಅದರಲ್ಲಿ ಒಂಬತ್ತು ಜನ ಕೂತದ್ದರಿಂದ ಚಾಲಕನ ಗಂಟುಮುಖ ಸಡಿಲಿಸಲು ಇನ್ನೊಂದಿಷ್ಟು ಚಿಲ್ಲರೆ. ಕೋಟು ಎರವಲು ತಂದದ್ದು, ಅದಕ್ಕೇನೂ ಬೀಳಲಿಲ್ಲ. ಇಸ್ತ್ರಿ ಮಾಡುವಾಗ ಅದರ ತೋಳು ಸುಟ್ಟದ್ದಕ್ಕೆ ಮಾತ್ರ ಒಂದು ದಿನದ್ದು ಹೋಯಿತು. ಏಳು ಅಕ್ಷರದ ಪದಕ್ಕೆ ಐದು ದಿನದ ಕೂಲಿ ದುಬಾರಿಯೇ. ಇದು ಕಣ್ಣಿಗೆ ಕಂಡ ಖರ್ಚು. ಕಾಣದ್ದು ಬೇರೆ ಇದೆ.

ಕುರ್ಚಿಯಣ್ಣ ಸಭೆ ಸಮಾರಂಭಗಳಿಗೆ ಕುರ್ಚಿ ಬಾಡಿಗೆ ಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಲಾರಿಯಿಂದ ನಾನ್ನೂರು ಕುರ್ಚಿ ಇಳಿಸುವುದು, ದಾರ ಹಿಡಿದು ಸಾಲು ಜೋಡಿಸುವುದು, ಸಭೆ ಮುಗಿದ ಮೇಲೆ ಮಡಚಿ ಮತ್ತೆ ಲಾರಿಗೆ ಏರಿಸುವುದು. ಮೂವತ್ತು ವರ್ಷ ಇದನ್ನೇ ಮಾಡಿ ಅವನ ನಡುವೂ ಮಡಚುವ ಕುರ್ಚಿಯ ಹಾಗೆ ಬಗ್ಗುವಾಗೊಮ್ಮೆ ಏಳುವಾಗೊಮ್ಮೆ ಲಟಕ್ಕೆನ್ನುತ್ತಿತ್ತು. ಎಲ್ಲ ಕುರ್ಚಿ ಹಾಕಿಯಾದ ಮೇಲೆ ಕಟ್ಟಕಡೆಗೆ ಒಂದು ಕೆಲಸವಿತ್ತು. ಅದನ್ನು ಅವನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಮೊದಲ ಸಾಲಿನ ಹತ್ತು ಮೆತ್ತನೆಯ ಕುರ್ಚಿಗಳ ಬೆನ್ನಿಗೆ ಚೀಟಿ ಅಂಟಿಸುವುದು: ‘ಕಾಯ್ದಿರಿಸಲಾಗಿದೆ’. ಚೀಟಿಯಿರುವ ಕುರ್ಚಿಯಲ್ಲಿ ಅವನು ಒಮ್ಮೆಯೂ ಕೂತವನಲ್ಲ. ಒಂದು ಸಲ ಯಾರೋ ಮುದುಕರು ಮಂಡಿನೋವೆಂದು ಕೂತಾಗ ಕೈಮುಗಿದು ಎಬ್ಬಿಸಿದ್ದ. ಹೀಗಾಗಿ ಅವನ ಪಾಲಿಗೆ ಆ ಪದಕ್ಕೆ ಅರ್ಥ ಒಂದೇ ಆಗಿತ್ತು. ದೊಡ್ಡವರು ಬರುತ್ತಿದ್ದಾರೆ, ದಾರಿ ಬಿಡಿ.

ಮಗಳು ಕಾಲೇಜಿನ ಎರಡನೇ ವರ್ಷದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದಳು. ಹಾಗಂದರೇನು ಎಂದು ಯಾರಾದರೂ ಕೇಳಿದರೆ ಕುರ್ಚಿಯಣ್ಣ, “ಸಭೆಗೆ ಎಷ್ಟು ಜನ ಬರ್ತಾರೆ ಅಂತ ಮೊದಲೇ ಹೇಳೋ ವಿದ್ಯೆ” ಎನ್ನುತ್ತಿದ್ದ. ಅದೊಂದು ಗೊತ್ತಾದರೆ ಕುರ್ಚಿ ಹೆಚ್ಚೂ ಆಗುವುದಿಲ್ಲ, ಕಮ್ಮಿಯೂ ಆಗುವುದಿಲ್ಲ; ಅಂಥ ವಿದ್ಯೆ ಮನೆಯಲ್ಲಿರಲಿ ಎಂದೇ ಅವಳನ್ನು ಅದಕ್ಕೆ ಸೇರಿಸಿದ್ದು. ಮಗಳು ಬೇಡವೆಂದಿದ್ದಳು. ತುಂಬ ಮೆಲ್ಲಗೆ ಅಂದಿದ್ದರಿಂದ ಅದು ಯಾರ ಕಿವಿಗೂ ಬಿದ್ದಿರಲಿಲ್ಲ.

ಆ ಕಾಲೇಜಿನಲ್ಲಿ ಮಧ್ಯಾವಧಿ ಪರೀಕ್ಷೆ ದಾಟಿದವರಿಗೆ ಮಾತ್ರ ವರ್ಷದ ಕೊನೆಯ ಪರೀಕ್ಷೆ. ದಾಟದವರಿಗೆ ಆ ವರ್ಷ ಹೋದಂತೆಯೇ. ಫಲಿತಾಂಶ ಅಂಟಿಸುವ ದಿನ ಮಗಳು ಹೊಟ್ಟೆನೋವೆಂದು ಗೋಡೆ ಕಡೆ ತಿರುಗಿ ಮಲಗಿದಳು.

“ನಾನೇ ನೋಡ್ಕೊಂಡು ಬರ್ತೀನಿ, ನೀನು ಮಲಗಿರು” ಎಂದು ಕುರ್ಚಿಯಣ್ಣ ಹೊರಟ.

“ಅಪ್ಪಾ, ಬೇಡ.”

“ದಾರೀಲೇ ಇದೆಯಲ್ಲ!”

ದಾರಿಯಲ್ಲಿರಲಿಲ್ಲ. ಎರಡು ಬಸ್ಸು ಬದಲಾಯಿಸಿ ಹೋದ.

ಕಾಲೇಜಿನ ಹಲಗೆಯ ಮುಂದೆ ಮಕ್ಕಳು ಮುಗಿಬಿದ್ದಿದ್ದರು. ಒಬ್ಬ ಹುಡುಗ ಕಂಬಕ್ಕೆ ಹಣೆ ಒತ್ತಿ ನಿಂತಿದ್ದ. ಅವನ ಗೆಳೆಯ ಬೆನ್ನು ತಟ್ಟುವುದೋ ಬೇಡವೋ ಎಂದು ಕೈಯನ್ನು ಗಾಳಿಯಲ್ಲೇ ಹಿಡಿದಿದ್ದ. ಒಬ್ಬ ಹುಡುಗಿ ಹಲಗೆಯ ಎದುರಿಗೇ ನಿಂತು ಫೋನಿನಲ್ಲಿ, “ಇಲ್ಲಮ್ಮ, ಇನ್ನೂ ಹಾಕಿಲ್ಲ, ನಾಳೆ ಅಂತೆ” ಎನ್ನುತ್ತಿದ್ದಳು. ಕುರ್ಚಿಯಣ್ಣ ಅವರ ತಲೆಗಳ ಸಂದಿನಿಂದ ಮಗಳ ನಂಬರು ಹುಡುಕಿದ. ನಲವತ್ತೆಂಟು, ಐವತ್ತೊಂದು, ಅನುತ್ತೀರ್ಣ, ಅನುತ್ತೀರ್ಣ, ನಲವತ್ತು, ಅನುತ್ತೀರ್ಣ. ಎಲ್ಲರಿಗೂ ಬರೀ ಅಂಕೆ, ಇಲ್ಲವೇ ಆ ಕೆಟ್ಟ ಪದ. ಮಗಳ ನಂಬರಿನ ಮುಂದೆ ಮಾತ್ರ, ದಪ್ಪ ಅಕ್ಷರದಲ್ಲಿ: ಕಾಯ್ದಿರಿಸಲಾಗಿದೆ.

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಮಡಚಿಟ್ಟ ನಡು ತಾನಾಗಿಯೇ ನೆಟ್ಟಗಾಯಿತು. ಪಕ್ಕದಲ್ಲಿ ನಿಂತಿದ್ದ ಕಾವಲುಗಾರನನ್ನು ಮೆಲ್ಲಗೆ ಕೇಳಿದ, “ಅಣ್ಣಾ, ಇದೊಂದೇನಾ ಹೀಗೆ?”

ಕಾವಲುಗಾರ ಬಗ್ಗಿ ನೋಡಿದ. “ಇನ್ನೂರ ಹನ್ನೆರಡು ಜನರಲ್ಲಿ ಇದೊಂದೇ.”

“ಇಡೀ ಕಾಲೇಜಿಗೆ?”

“ನಾನು ಬಂದ ಮೇಲೆ ಇದೇ ಮೊದಲು.”

“ಮುಂದೇನು ಮಾಡ್ತಾರೆ?”

“ದೊಡ್ಡೋರು ಕೂತು ಮಾತಾಡ್ತಾರೆ. ಪ್ರಿನ್ಸಿಪಾಲರು ಖುದ್ದು ಇರ್ತಾರೆ. ಮನೆಯೋರನ್ನೂ ಕರೆಸ್ತಾರೆ. ನಿಮಗೇನಾಗಬೇಕು ಈ ಹುಡುಗಿ?”

“ಮಗಳು” ಎಂದ ಕುರ್ಚಿಯಣ್ಣ.

ಕಾವಲುಗಾರ ಅವನ ಭುಜದ ಮೇಲೆ ಕೈಯಿಟ್ಟು, ಏನೂ ಹೇಳದೆ ಎರಡು ಸಲ ತಲೆಯಾಡಿಸಿದ. ಆ ಮೌನವನ್ನು ಕುರ್ಚಿಯಣ್ಣ ಗೌರವವೆಂದೇ ತೆಗೆದುಕೊಂಡ.

ಮನೆಗೆ ಬರುವ ಮೊದಲೇ ಎದುರುಮನೆಯ ಟೈಲರಮ್ಮ ಬಾಗಿಲಲ್ಲೇ ಹಿಡಿದಳು. ಅವಳ ಮಗನೂ ಅದೇ ಕಾಲೇಜು, ಅದೇ ವರ್ಷ. ಅವನಿಗೆ ಎಪ್ಪತ್ತೊಂದು ಬಂದಿತ್ತು. ಆ ಎಪ್ಪತ್ತೊಂದನ್ನು ಯಾರಿಗಾದರೂ ಹೇಳಲೆಂದೇ ಅವಳು ಬಾಗಿಲಲ್ಲಿ ನಿಂತಿದ್ದಳು.

“ಏನ್ ಕುರ್ಚಿಯಣ್ಣ, ನಿಮ್ಮ ಹುಡುಗೀದು ಎಷ್ಟು?”

“ನಂಬರಲ್ಲಿ ಹೇಳೋಕೆ ಬರಲ್ಲ ಅಕ್ಕ.”

“ಅಂದ್ರೆ?”

“ಕಾಯ್ದಿರಿಸಿದ್ದಾರೆ.”

ಟೈಲರಮ್ಮನ ಬಾಯಲ್ಲಿದ್ದ ಎಪ್ಪತ್ತೊಂದು ಬಾಯಲ್ಲೇ ಉಳಿಯಿತು. ಕುರ್ಚಿಯಣ್ಣ ಒಳಗೆ ಹೋಗುವಷ್ಟರಲ್ಲಿ ಎದುರುಮನೆಯಿಂದ ಅವಳ ದನಿ ಬೀದಿಗೆಲ್ಲ ಕೇಳಿತು. “ಎಪ್ಪತ್ತೊಂದಂತೆ ಎಪ್ಪತ್ತೊಂದು! ನಾಚಿಕೆ ಆಗಲ್ವೇನೋ? ಅವಳದನ್ನ ತೆಗೆದಿಟ್ಟಿದ್ದಾರಂತೆ ಕಣೋ, ಹಲಗೆ ಮೇಲೆ ಹಾಕೋ ಅಂಥದ್ದೇ ಅಲ್ವಂತೆ!”

“ಅಮ್ಮಾ, ಕಾಯ್ದಿರಿಸೋದು ಅಂದ್ರೆ…”

“ಎದುರು ಮಾತಾಡ್ತೀಯಾ?”

ಮಗ ಸುಮ್ಮನಾದ. ಆ ಬೀದಿಯಲ್ಲಿ ನಿಜ ಗೊತ್ತಿದ್ದವರು ಇಬ್ಬರೇ; ಇಬ್ಬರಿಗೂ ವಯಸ್ಸು ಹತ್ತೊಂಬತ್ತು, ಇಬ್ಬರ ಮಾತೂ ಪೂರ್ತಿಯಾಗಲು ಯಾರೂ ಬಿಡಲಿಲ್ಲ.

ಮನೆಯೊಳಗೆ ಇನ್ನೊಬ್ಬಳ ಮಾತು ಹೀಗೆ ತುಂಡಾಯಿತು.

“ನೋಡ್ಕೊಂಡು ಬಂದೆ!” ಎಂದ ಕುರ್ಚಿಯಣ್ಣ.

ಮಗಳು ಎದ್ದು ಕೂತಳು. “ಅಪ್ಪಾ, ಅದು ನೀನು ಅಂದ್ಕೊಂಡ ಹಾಗಲ್ಲ. ಅದು…”

“ನನಗೆ ಹೇಳಿಕೊಡ್ತೀಯಾ? ಮೂವತ್ತು ವರ್ಷದಿಂದ ಅದೇ ಚೀಟಿ ಅಂಟಿಸ್ತಿದ್ದೀನಿ ನಾನು!” ಅವನು ನಕ್ಕ. ನಕ್ಕು ಮುಗಿಯುವ ಮೊದಲೇ ಅಳು ಬಂತು. ಅಳುವ ಅಪ್ಪನಿಗೆ ಏನು ಹೇಳಬೇಕೆಂದು ಸಂಖ್ಯಾಶಾಸ್ತ್ರದಲ್ಲಿ ಬರೆದಿರಲಿಲ್ಲ. ಮಗಳು ಮತ್ತೆ ಗೋಡೆ ಕಡೆ ತಿರುಗಿದಳು.

ಎರಡು ದಿನಕ್ಕೆ ಕಾಲೇಜಿನಿಂದ ಪತ್ರ ಬಂತು. ಮನೆಯಲ್ಲಿ ಕಚೇರಿಯ ಪತ್ರ ಓದುವ ಅಧಿಕಾರ ಹೆಂಡತಿಯ ತಮ್ಮನದು. ಅವನು ಹದಿನೆಂಟು ವರ್ಷ ವಕೀಲರೊಬ್ಬರ ಕಚೇರಿಯಲ್ಲಿ ಫೈಲು ಹೊತ್ತಿದ್ದ. ಹೊರುವಾಗ ಅರ್ಧಂಬರ್ಧ ಓದಿಯೂ ಇದ್ದ. ಓದದೆ ಹೊತ್ತಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು.

ಭಾವಮೈದ ಗಂಟಲು ಸರಿಮಾಡಿಕೊಂಡ. “‘ಉತ್ತರಪತ್ರಿಕೆಯಲ್ಲಿ ಮೌಲ್ಯಮಾಪಕರನ್ನು ಉದ್ದೇಶಿಸಿ ಬರೆದ ವಿಷಯದ ಕುರಿತು.’ ಕೇಳಿದ್ಯಾ ಭಾವ? ಪೇಪರು ತಿದ್ದೋರಿಗೇ ಇವಳು ಏನೋ ಹೇಳಿಕೊಟ್ಟಿದ್ದಾಳೆ!”

“ಅಷ್ಟು ಬರೆದಿದ್ದಾಳಾ!”

“‘ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಪೋಷಕರೊಂದಿಗೆ ಸಮಿತಿಯ ಮುಂದೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು.’ ಅಂದ್ರೆ, ನಾವು ಹೋಗದೇ ಇದ್ರೂ ಅವರು ಕೊಟ್ಟೇ ಕೊಡ್ತಾರೆ.”

“ಏನನ್ನ?” ಎಂದಳು ಕುರ್ಚಿಯಣ್ಣನ ಹೆಂಡತಿ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಎಂಥ ಕಲೆ ಹೋಗುತ್ತದೆ, ಎಂಥದು ಹೋಗುವುದಿಲ್ಲ ಎಂದು ನೋಡಿದ ತಕ್ಷಣ ಹೇಳಬಲ್ಲವಳು.

“ಅಕ್ಕಾ, ಕೋರ್ಟಲ್ಲೂ ಚಿಲ್ಲರೆ ಕೇಸಿಗೆ ಅವತ್ತೇ ತೀರ್ಪು. ದೊಡ್ಡ ದೊಡ್ಡ ತೀರ್ಪನ್ನ ಮಾತ್ರ ಕಾಯ್ದಿರಿಸೋದು. ನಾನು ಕಣ್ಣಾರೆ ನೋಡಿದ್ದೀನಿ.”

“ಆಮೇಲೆ ಏನಾಗ್ತಿತ್ತು ಅವರಿಗೆ?”

“ಯಾರಿಗೆ?”

“ಆ ಕೇಸಿನೋರಿಗೆ.”

ಭಾವಮೈದ ಸ್ವಲ್ಪ ಯೋಚಿಸಿದ. “ಜೈಲು ಆಗ್ತಿತ್ತು. ಆದ್ರೆ ದೊಡ್ಡ ಜೈಲು.”

ಆ ಸಂಜೆ ಅಡುಗೆಮನೆಯಲ್ಲಿ ನಲ್ಲಿ ಬಹಳ ಹೊತ್ತು ಹರಿಯಿತು. ತಾಯಿ ಮಗಳು ಅಲ್ಲಿ ಪಿಸುಗುಡುತ್ತಿದ್ದುದು ಕುರ್ಚಿಯಣ್ಣನಿಗೆ ಕೇಳಿಸಿತು. ಶನಿವಾರಕ್ಕೆ ಯಾವ ಬಟ್ಟೆ ಎಂದು ಮಾತಾಡುತ್ತಿದ್ದಾರೆಂದುಕೊಂಡ. ನಲ್ಲಿ ನಿಂತ ಮೇಲೆ ಹೆಂಡತಿ ಹೊರಗೆ ಬಂದು, “ರೀ, ಶನಿವಾರ ನೀವು ಮೂರೇ ಜನ ಹೋಗಿ ಬನ್ನಿ, ಗಲಾಟೆ ಬೇಡ” ಎಂದಳು. “ಮೂರು ಅಂದ್ರೆ ನಾವಿಬ್ಬರು, ನಿನ್ನ ತಮ್ಮ. ನೀನು ಬರಲ್ವಾ?” ಎಂದ. “ನಾನು ಬಂದ್ರೆ ಅತ್ತುಬಿಡ್ತೀನಿ” ಎಂದಳು. ಅವಳಿಗೂ ಅಷ್ಟೊಂದು ಸಂತೋಷವೆಂದು ಅವನಿಗೆ ಅಂದೇ ಗೊತ್ತಾದದ್ದು.

ಶನಿವಾರ ವ್ಯಾನು ಬಂತು. ಮೂರು ಜನ ಎಂದಿದ್ದು ಒಂಬತ್ತಾಯಿತು. ಭಾವಮೈದನ ಮನೆಯವರೆಲ್ಲ ಬಂದರು. ಟೈಲರಮ್ಮ ಕೇಕಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಪಕ್ಕದಲ್ಲಿ ಅವಳ ಎಪ್ಪತ್ತೊಂದು ಅಂಕದ ಮಗ, ದೊಡ್ಡವರನ್ನು ನೋಡಿಯಾದರೂ ಬುದ್ಧಿ ಕಲಿಯಲಿ ಎಂದು. ಕುರ್ಚಿಯಣ್ಣ ಅಂಗಡಿ ಮಾಲೀಕನ ಕೋಟು ತೊಟ್ಟು, ಸುಟ್ಟ ತೋಳು ಕಾಣದಂತೆ ಹೂಗುಚ್ಛವನ್ನು ಅಡ್ಡ ಹಿಡಿದಿದ್ದ. ಮಗಳು ಕಿಟಕಿಗೆ ಒರಗಿ ಕಣ್ಣು ಮುಚ್ಚಿದ್ದಳು. “ನಿದ್ದೆಗೆಟ್ಟು ಓದಿದ್ದು ಸಾರ್ಥಕ ಆಯ್ತು” ಎಂದಳು ಟೈಲರಮ್ಮ. ಮಗಳು ಕಣ್ಣು ತೆರೆಯಲಿಲ್ಲ.

ಸಮಿತಿಯ ಕೋಣೆಗೆ ಕಾವಲುಗಾರ ಅಪ್ಪ ಮಗಳನ್ನು ಮಾತ್ರ ಬಿಟ್ಟ. ಉಳಿದವರು ಹೊರಗಿನ ಕಿಟಕಿಯ ಗಾಜಿಗೆ ಮೂಗು ಒತ್ತಿ ನಿಂತರು. ಒಳಗೆ ಕಾಲಿಟ್ಟೊಡನೆ ಕುರ್ಚಿಯಣ್ಣನ ಕಣ್ಣು ಕಸುಬಿನ ಪ್ರಕಾರ ಕುರ್ಚಿಗಳ ಮೇಲೆ ಹೋಯಿತು. ಮೇಜಿನ ಆಚೆ ಕೈಯಿರುವ ಮೂರು ದೊಡ್ಡ ಕುರ್ಚಿ. ಈಚೆ ಬೆನ್ನಿಲ್ಲದ ಒಂದು ಸ್ಟೂಲು. ಮೂವತ್ತು ವರ್ಷದಲ್ಲಿ ಅವನು ಸನ್ಮಾನಕ್ಕೆಂದು ಸ್ಟೂಲು ಹಾಕಿದ್ದು ಒಂದು ಸಲವೂ ಇಲ್ಲ.

ನಡುವೆ ಪ್ರಿನ್ಸಿಪಾಲ್ ಮೇಡಂ ಕೂತಿದ್ದರು. ಅವರ ಒಂದು ಪಕ್ಕ ಬರೆದುಕೊಳ್ಳುವವರು, ಇನ್ನೊಂದು ಪಕ್ಕ ಸಂಖ್ಯಾಶಾಸ್ತ್ರದ ಮೇಷ್ಟ್ರು.

“ಕೂತ್ಕೊಳ್ಳಿ” ಎಂದರು ಮೇಡಂ. “ಮೊದಲು ಹುಡುಗಿ ಬರೆದದ್ದನ್ನ ಓದ್ತೀವಿ. ಆಮೇಲೆ ಕೇಳ್ತೀವಿ.”

ಮೇಷ್ಟ್ರು ಉತ್ತರಪತ್ರಿಕೆ ಬಿಡಿಸಿ, ಹಾಜರಿ ಕೂಗುವ ದನಿಯಲ್ಲಿ ಓದಿದರು:

“‘ಮಾನ್ಯ ಮೌಲ್ಯಮಾಪಕರಿಗೆ. ಪ್ರಶ್ನೆಗಳನ್ನು ನಾಲ್ಕು ಸಲ ಓದಿದೆ. ಅಕ್ಷರ ಕಾಣುತ್ತಿದೆ, ಅರ್ಥವಾಗುತ್ತಿಲ್ಲ. ನಿದ್ದೆ ಮಾಡಿ ಒಂಬತ್ತು ದಿನವಾಯಿತು. ನನ್ನ ತಂದೆ ತೀರಿಕೊಂಡು ಒಂಬತ್ತು ದಿನವಾಯಿತು. ಅವರು ಸಭೆಗಳಿಗೆ ಕುರ್ಚಿ ಹಾಕುತ್ತಿದ್ದರು. ನಾನು ಪಾಸಾಗುತ್ತೇನೆಂದು ಎಲ್ಲರಿಗೂ ಹೇಳಿಟ್ಟು ಹೋಗಿದ್ದಾರೆ. ನಲವತ್ತು ಅಂಕ ಕೊಟ್ಟರೆ ಸಾಕು, ನಲವತ್ತೊಂದು ಬೇಡ.’ ಇಷ್ಟೇ ಮೇಡಂ. ಬೇರೆ ಯಾವ ಪ್ರಶ್ನೆಗೂ ಉತ್ತರ ಇಲ್ಲ.”

ಮೇಡಂ ಕನ್ನಡಕದ ಮೇಲಿಂದ ನೋಡಿದರು. “ಪತ್ರಿಕೆಯಲ್ಲಿ ಅಂಕ ಬೇಡೋದು ನಿಯಮದ ಪ್ರಕಾರ ಅಪರಾಧ. ಆದ್ರೆ ಮನೇಲಿ ಸಾವಾಗಿದ್ರೆ ಅದು ಬೇರೆ ಮಾತು, ಆ ಪೇಪರು ಮಾತ್ರ ಮತ್ತೆ ಬರೆಸ್ತೀವಿ. ಸಾವಿನ ವಿಷಯ ಸುಳ್ಳಾಗಿದ್ರೆ ಮೂರು ವರ್ಷ ಹೊರಗೆ. ಈಗ ಹೇಳಿ. ನೀವು ಯಾರು?”

ಕುರ್ಚಿಯಣ್ಣ ಮಗಳನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ ಎಂದೇನಲ್ಲ. ಮೊದಲೇ ಮುರಿದಿದ್ದ ಕುರ್ಚಿಯನ್ನು ಗಿರಾಕಿಯೇ ಮುರಿದದ್ದೆಂದು ಹೇಳುವುದು ಅವನ ಕಸುಬಿನಲ್ಲೇ ಸೇರಿತ್ತು. ಆದರೆ ಸ್ವಂತ ಸಾವಿನ ವಿಷಯದಲ್ಲಿ ಇದೇ ಮೊದಲು.

“ಚಿಕ್ಕಪ್ಪ” ಎಂದ.

ಮಗಳು ತಲೆಯೆತ್ತಿದಳು.

“ಅಂದ್ರೆ ತೀರಿಕೊಂಡವರ ತಮ್ಮ?”

“ಹೌದು ಮೇಡಂ. ಅಣ್ಣ ಬಹಳ ಒಳ್ಳೆಯವನು.” ನ್ಯಾಯವಾಗಿರಲೆಂದು ಸೇರಿಸಿದ, “ಸ್ವಲ್ಪ ಅವಸರದವನು. ಬೇರೆಯವರ ಮಾತು ಪೂರ್ತಿ ಕೇಳ್ತಿರಲಿಲ್ಲ.”

“ಏನಾಗಿತ್ತು?”

“ಕುರ್ಚಿ ಬಿತ್ತು.”

“ಕುರ್ಚಿ ಬಿದ್ದು ಸತ್ತರಾ?” ಬರೆದುಕೊಳ್ಳುವವರ ಪೆನ್ನು ನಿಂತಿತು.

“ನಾನ್ನೂರು ಕುರ್ಚಿ, ಸ್ವಾಮಿ. ಲಾರಿಯಿಂದ.”

ಮೇಷ್ಟ್ರು ಉತ್ತರಪತ್ರಿಕೆಯನ್ನು ಮೆಲ್ಲಗೆ ಮಡಚಿಟ್ಟರು. ಹೂಗುಚ್ಛದ ಅರ್ಥ ಅವರಿಗೆ ಈಗ ಆದಂತೆ ಕಂಡಿತು. ಮೇಡಂ ನಿಟ್ಟುಸಿರು ಬಿಟ್ಟು ಎದ್ದರು. “ಒಂದು ನಿಮಿಷ ಮೌನ ಆಚರಿಸೋಣ.” ಮೂವರೂ ಎದ್ದು ತಲೆ ತಗ್ಗಿಸಿದರು. ಕುರ್ಚಿಯಣ್ಣನೂ ಎದ್ದ, ನಡು ಲಟಕ್ಕೆಂದಿತು. ಅವನ ಜನ್ಮದಲ್ಲಿ ಅವನಿಗಾಗಿ ಯಾರಾದರೂ ಕುರ್ಚಿ ಬಿಟ್ಟು ಎದ್ದದ್ದು ಅದೇ ಮೊದಲು.

ಮೌನದ ಇಪ್ಪತ್ತನೇ ಸೆಕೆಂಡಿಗೆ ಬಾಗಿಲು ಧಡಾರನೆ ತೆರೆಯಿತು. ಕಿಟಕಿಯಿಂದ ನೋಡುತ್ತಿದ್ದವರಿಗೆ, ಪ್ರಿನ್ಸಿಪಾಲರೇ ಎದ್ದು ನಿಂತದ್ದು ಕಂಡಿತ್ತು. ಮುಂದೆ ಭಾವಮೈದ, ಹಿಂದೆ ಕೇಕು ಹಿಡಿದ ಟೈಲರಮ್ಮ, ಅವರ ಹಿಂದೆ ಉಳಿದವರು, ಎಲ್ಲರೂ ಚಪ್ಪಾಳೆ ತಟ್ಟುತ್ತ ಒಳಗೆ ನುಗ್ಗಿದರು.

“ಮೂರೂ ಜನ ಎದ್ದು ನಿಂತರಲ್ಲ ಭಾವ! ನಾನು ಹೇಳಿರಲಿಲ್ವಾ!”

“ಎಲ್ಲಿ ಕತ್ತರಿಸೋಣ ಇದನ್ನ?” ಎಂದಳು ಟೈಲರಮ್ಮ.

ಮೇಡಂ ಮುಖದಲ್ಲಿ ಆದ ಬದಲಾವಣೆಯನ್ನು ವರ್ಣಿಸುವುದು ಕಷ್ಟ. “ಯಾರ್ರೀ ಇವರೆಲ್ಲ?”

ಕುರ್ಚಿಯಣ್ಣ ಕೈ ಅಗಲಿಸಿ ಇಡೀ ಗುಂಪನ್ನು ಕುರ್ಚಿ ಸಾಲು ಹಿಂದೆ ತಳ್ಳುವ ಹಾಗೆ ಬಾಗಿಲಿಗೆ ತಳ್ಳಿದ. “ಅಣ್ಣನ ಭಾವಮೈದ, ಮೇಡಂ. ಸುದ್ದಿ ಕೇಳಿದಾಗಿನಿಂದ ಹೀಗೇ.”

“ಕೇಕು?”

“ಅಣ್ಣನಿಗೆ ಇಷ್ಟ ಇತ್ತು.”

ಬಾಗಿಲು ಮುಚ್ಚಿತು. ತೀರ್ಮಾನ ಬೇಗ ಮುಗಿಯಿತು: ಆ ಪೇಪರು ರದ್ದು, ಎರಡು ತಿಂಗಳಲ್ಲಿ ಮತ್ತೆ ಬರೆಯಬಹುದು. ಬರೆದುಕೊಳ್ಳುವವರು ಕೊನೆಗೆ ಒಂದು ಸಾಲು ಸೇರಿಸಿದರು. ಹತ್ತು ದಿನದೊಳಗೆ ತಂದೆಯ ಮರಣ ಪ್ರಮಾಣಪತ್ರ ತಂದುಕೊಡತಕ್ಕದ್ದು.

ವ್ಯಾನಿನಲ್ಲಿ ಭಾವಮೈದ ಕೇಳಿದ, “ಏನಂದ್ರು ಭಾವ?”

“ಇನ್ನೂ ಹತ್ತು ದಿನ ಕಾಯ್ದಿರಿಸಿದ್ದಾರೆ.”

“ಮತ್ತೆ ಹತ್ತು ದಿನಾನಾ! ನೋಡಿ, ನೋಡಿ!” ಎಂದಳು ಟೈಲರಮ್ಮ, ಮಗನ ತಲೆಗೊಂದು ಮೊಟಕಿ.

ಮನೆಯಲ್ಲಿ ಇಬ್ಬರೇ ಉಳಿದಾಗ ಮಗಳು ಕೇಳಿದಳು, “ಯಾಕಪ್ಪಾ ಹಾಗೆ ಹೇಳಿದೆ?”

“ನೀನು ಬರೆದದ್ದು ಸುಳ್ಳಾಗಬಾರದಲ್ಲ.”

“ಹೋದ ವರ್ಷ ಒಬ್ಬಳ ಅಪ್ಪ ನಿಜವಾಗಿ ಹೋಗಿದ್ದರು. ಅವಳಿಗೆ ಮತ್ತೆ ಬರೆಯೋಕೆ ಬಿಟ್ಟಿದ್ದರು. ಅದು ನೆನಪಿಗೆ ಬಂತು. ಬೇರೇನೂ ನೆನಪಿಗೆ ಬರಲಿಲ್ಲ.”

“ಇರಲಿ ಬಿಡು.” ಅವನು ಕೋಟು ಬಿಚ್ಚಿ ಮಡಚಿದ. “ಒಂಬತ್ತು ದಿನ ನಿದ್ದೆ ಮಾಡಿಲ್ಲ ಅನ್ನೋದು?”

“ಅದು ನಿಜ. ಈಗ ಇಪ್ಪತ್ತಾರು.”

ಕುರ್ಚಿಯಣ್ಣ ಆ ರಾತ್ರಿ ಅವಳ ಕೋಣೆಯ ದೀಪ ಆರಿಸಿ ಬಂದ. ದೀಪ ಆರಿತು. ನಿದ್ದೆ ಅಷ್ಟಕ್ಕೆಲ್ಲ ಬರುವ ಪೈಕಿಯದಲ್ಲ.

ಸೋಮವಾರ ಅವನು ಜನನ ಮರಣ ನೋಂದಾಯಿಸುವ ಕಚೇರಿಗೆ ಹೋದ. ಅಲ್ಲಿ ಎರಡು ಕಿಟಕಿ, ಒಂದು ಹುಟ್ಟುವವರಿಗೆ, ಒಂದು ಸಾಯುವವರಿಗೆ. ಹುಟ್ಟುವವರ ಸಾಲು ಉದ್ದವಾಗಿತ್ತು.

“ಮರಣ ಪ್ರಮಾಣಪತ್ರ ಬೇಕಿತ್ತು” ಎಂದ.

ಗುಮಾಸ್ತ ತಲೆಯೆತ್ತದೆ ಕೇಳಿದ, “ಮೃತರಿಗೆ ಏನಾಗಬೇಕು?”

“ತಮ್ಮ.”

“ಮೃತರ ಗುರುತಿನ ಚೀಟಿ?”

ಕುರ್ಚಿಯಣ್ಣ ಕೊಟ್ಟ. ಗುಮಾಸ್ತ ಚೀಟಿಯ ಫೋಟೋ ನೋಡಿದ, ಕಿಟಕಿಯ ಮುಖ ನೋಡಿದ, ಮತ್ತೆ ಫೋಟೋ ನೋಡಿದ.

“ಅವಳಿ” ಎಂದ ಕುರ್ಚಿಯಣ್ಣ.

“ಡಾಕ್ಟರ ಚೀಟಿ?”

“ಡಾಕ್ಟರಿಗೆ ತೋರಿಸಿಲ್ಲ.”

“ಸ್ಮಶಾನದ ರಸೀದಿ?”

“ಅದು ಇನ್ನೂ ಆಗಿಲ್ಲ.”

“ಇನ್ನೂ ಆಗಿಲ್ಲ ಅಂದ್ರೆ? ಸತ್ತು ಎಷ್ಟು ದಿನ ಆಯ್ತು?”

“ನಾಲ್ಕು ವಾರ ಆಯ್ತು.”

ಗುಮಾಸ್ತ ಪೆನ್ನು ಕೆಳಗಿಟ್ಟ. “ಹೆಣ ಎಲ್ಲಿದೆ ಈಗ?”

ಕುರ್ಚಿಯಣ್ಣ ಬೆಳಗಿನಿಂದ ಏನೂ ತಿಂದಿರಲಿಲ್ಲ, ಸುಳ್ಳುಗಳ ದಾಸ್ತಾನೂ ಮುಗಿದಿತ್ತು. “ಕೆಲಸಕ್ಕೆ ಹೋಗ್ತಿದೆ ಸ್ವಾಮಿ” ಎಂದ.

ಗುಮಾಸ್ತ ಗುರುತಿನ ಚೀಟಿಯನ್ನು ಕಿಟಕಿಯಿಂದ ವಾಪಸ್ ತಳ್ಳಿದ. ಇಪ್ಪತ್ತು ವರ್ಷ ಸಾವಿನ ಕಿಟಕಿಯಲ್ಲಿ ಕೂತವನು. ಅಲ್ಲಿ ಏನೇನೋ ಕೇಳಿದ್ದ. “ನೋಡಿ ಯಜಮಾನ್ರೇ,” ಎಂದ, ಮೊದಲಿಗಿಂತ ಮೆತ್ತಗೆ, “ಸಾಯೋದು ಅಷ್ಟು ಸುಲಭ ಅಲ್ಲ. ಡಾಕ್ಟರು ಬರೆದುಕೊಡಬೇಕು, ಸ್ಮಶಾನದವರು ಬರೆದುಕೊಡಬೇಕು, ಇಬ್ಬರು ಸಾಕ್ಷಿ ಸಹಿ ಹಾಕಬೇಕು. ಇಷ್ಟಿಲ್ಲದೆ ನಮ್ಮಲ್ಲಿ ಯಾರನ್ನೂ ಸಾಯೋಕೆ ಬಿಡಲ್ಲ. ಮನೆಗೆ ಹೋಗಿ ಊಟ ಮಾಡಿ.”

ಹೀಗೆ ಕುರ್ಚಿಯಣ್ಣ ಕಾಲೇಜಿನಲ್ಲಿ ಸತ್ತು, ಕಚೇರಿಯಲ್ಲಿ ಬದುಕಿ, ಏಳು ದಿನ ಕಳೆದ. ಅಂಗಡಿಯಲ್ಲಿ ಸಾಲು ಸೊಟ್ಟಗೆ ಹಾಕಿ ಬೈಸಿಕೊಂಡ. ಮಗಳು ಪುಸ್ತಕ ತೆರೆದು ಕೂರುತ್ತಿದ್ದಳು, ಪುಟ ತಿರುಗುತ್ತಿರಲಿಲ್ಲ. ಟೈಲರಮ್ಮ ದಿನಕ್ಕೆರಡು ಸಲ ಬಂದು, “ಬಂತಾ?” ಎಂದು ಕೇಳುತ್ತಿದ್ದಳು. “ಇನ್ನೂ ಇಲ್ಲ” ಎನ್ನುತ್ತಿದ್ದ ಅವನು. ಅವಳು ಕೇಳುತ್ತಿದ್ದುದು ಬಹುಮಾನ. ಅವನು ಹೇಳುತ್ತಿದ್ದುದು ಸಾವು.

ಒಂಬತ್ತನೇ ದಿನ ಮಧ್ಯಾಹ್ನ ಊಟಕ್ಕೆ ಬಂದರೆ ಮಗಳು ಮನೆಯಲ್ಲಿರಲಿಲ್ಲ. ಹಾಸಿಗೆ ಮಡಚಿತ್ತು. ಪುಸ್ತಕಗಳು ಗೋಡೆಗೆ ಸಾಲಾಗಿ ಒರಗಿದ್ದವು. ಕುರ್ಚಿಯಣ್ಣ ಬಾವಿ ಹುಡುಕಿದ, ರೈಲಿನ ಹಳಿ ಹುಡುಕಿದ, ಆಸ್ಪತ್ರೆಯ ಬಟ್ಟೆ ಕೋಣೆಗೆ ಹೋಗಿ ಹೆಂಡತಿಯನ್ನು ಕೇಳಿದ. ಅವಳು ಒದ್ದೆ ಕೈಯಲ್ಲೇ ಅವನ ಹಿಂದೆ ಓಡಿಬಂದಳು. ಈ ಓಡಾಟದ ಬಗ್ಗೆ ಹಾಸ್ಯ ಮಾಡುವಂಥದ್ದೇನೂ ಇಲ್ಲ. ಇಬ್ಬರೂ ಓಡಿದರು ಅಷ್ಟೆ, ಎರಡು ಗಂಟೆ.

ನಾಲ್ಕು ಗಂಟೆಗೆ ಮಗಳು ಬಸ್ಸಿನಿಂದ ಇಳಿದಳು.

“ಎಲ್ಲಿಗೆ ಹೋಗಿದ್ದೆ?” ಕುರ್ಚಿಯಣ್ಣನ ದನಿ ಕೂಗಾಗಬೇಕಿತ್ತು, ಉಸಿರಾಯಿತು.

“ಕಾಲೇಜಿಗೆ. ಬರೆದುಕೊಟ್ಟು ಬಂದೆ.”

“ಏನು ಬರೆದುಕೊಟ್ಟೆ?”

“ನನ್ನ ತಂದೆ ಬದುಕಿದ್ದಾರೆ. ಅವತ್ತು ಸ್ಟೂಲಿನ ಮೇಲೆ ಕೂತಿದ್ದವರು ಅವರೇ. ಅಂತ.”

ಅವನು ಬಾಯಿ ತೆರೆದ. ಹೆಂಡತಿ ಅವನ ತೋಳು ಹಿಡಿದಳು. ಅಂದು ಮೊದಲ ಸಲ ಅವನು ಮಗಳ ಮಾತು ಮುಗಿಯುವವರೆಗೆ ಸುಮ್ಮನೆ ನಿಂತ.

“ಮೂರು ವರ್ಷ ಹಾಕಬೇಕಿತ್ತಂತೆ. ನಾನೇ ಬಂದು ಹೇಳಿದ್ದಕ್ಕೆ ಒಂದು ವರ್ಷ ಹೊರಗೆ ಅಂದ್ರು. ಬರೋ ವರ್ಷ ಮತ್ತೆ ಮೊದಲಿನಿಂದ ಎರಡನೇ ವರ್ಷ. ಮೇಡಂ ನಿನಗೊಂದು ಮಾತು ಹೇಳಿಕಳಿಸಿದ್ದಾರೆ.”

“ಏನಂತೆ?”

“‘ಅವರಿಗಾಗಿ ಎದ್ದು ನಿಂತ ಒಂದು ನಿಮಿಷಾನ ವಾಪಸ್ ತಗೊಳ್ಳೋ ನಿಯಮ ಇಲ್ಲ. ಇಟ್ಕೊಳ್ಳಲಿ.’”

ಗೇಟಿನಲ್ಲಿ ಕಾವಲುಗಾರನೂ ಅವಳಿಗೆ ಒಂದು ಮಾತು ಹೇಳಿದ್ದ. ಹೋದ ವರ್ಷದ ಆ ಹುಡುಗಿಯ ಪ್ರಮಾಣಪತ್ರವೇ ಇನ್ನೂ ಬಂದಿಲ್ಲ, ಯಾರೂ ಕೇಳಿಯೂ ಇಲ್ಲ, ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅದನ್ನು ಮಗಳು ಅಪ್ಪನಿಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಬೀದಿಯವರು ಅವರವರ ಯೋಗ್ಯತೆಗೆ ತಕ್ಕಂತೆ ನಡೆದುಕೊಂಡರು. ಭಾವಮೈದ, “ನಾನು ಅವತ್ತೇ ಜೈಲು ಅಂದಿದ್ದೆ, ಯಾರೂ ಕೇಳಲಿಲ್ಲ” ಎಂದ. ಟೈಲರಮ್ಮ ಒಂದು ವಾರ ಮಾತು ಬಿಟ್ಟು, ಎಂಟನೇ ದಿನ ಬಂದು, “ನನ್ನ ಮಗನಿಗೆ ಎಪ್ಪತ್ತೊಂದು ಬಂದಿತ್ತು, ಅವತ್ತು ಹೇಳೋಕೆ ಆಗಲಿಲ್ಲ” ಎಂದಳು. “ಒಳ್ಳೇ ಮಾರ್ಕ್ಸು ಅಕ್ಕ” ಎಂದ ಕುರ್ಚಿಯಣ್ಣ. ಅವಳು ಅಲ್ಲೇ ಕೂತು ಅತ್ತಳು. ಮಗ ಅವತ್ತಿನಿಂದ ಅಮ್ಮನ ಹತ್ತಿರ ಮಾತಾಡುತ್ತಿರಲಿಲ್ಲವಂತೆ.

ಮಗಳು ಆ ವರ್ಷ ಅಪ್ಪನ ಜೊತೆ ಕೆಲಸಕ್ಕೆ ಹೋದಳು. ಮೊದಲ ತಿಂಗಳಲ್ಲೇ ಒಂದು ಸಭೆಗೆ ಎಷ್ಟು ಕುರ್ಚಿ ಬೇಕೆಂದು ಅಂದಾಜು ಹೇಳಿದಳು. ಮುನ್ನೂರ ಹತ್ತು ಎಂದಳು, ಬಂದವರು ತೊಂಬತ್ತು. ಆ ವಿದ್ಯೆಯ ಮೇಲಿದ್ದ ಆಸೆಯನ್ನು ಕುರ್ಚಿಯಣ್ಣ ಅಲ್ಲಿಗೆ ಕೈಬಿಟ್ಟ. ಚೀಟಿ ಬರೆಯುವ ಕೆಲಸ ಮಾತ್ರ ಅವಳಿಗೆ ಕೊಟ್ಟ. ಅವಳ ಅಕ್ಷರ ದುಂಡಗಿತ್ತು. ಒಂದು ದಿನ ಹತ್ತು ಚೀಟಿ ಬರೆಯಬೇಕಾದಲ್ಲಿ ಹನ್ನೊಂದು ಬರೆದಳು. ಉಳಿದ ಒಂದನ್ನು ಎಲ್ಲಿ ಅಂಟಿಸುವುದೆಂದು ಇಬ್ಬರಿಗೂ ತೋಚದೆ, ಅವನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಕೊನೆಗೆ ಆದದ್ದು ಇಷ್ಟು. ಒಂದು ವರ್ಷ ಹೋಯಿತು. ಆ ವರ್ಷದ ಶುಲ್ಕ ಹೋಯಿತು. ಐದು ದಿನದ ಕೂಲಿ ಮೊದಲೇ ಹೋಗಿತ್ತು. ಮಗಳು ಮತ್ತೆ ಕಾಲೇಜಿಗೆ ಹೋಗುತ್ತಾಳೋ ಇಲ್ಲವೋ ಎಂದು ಇಬ್ಬರೂ ಇನ್ನೂ ಮಾತಾಡಿಲ್ಲ. ಅವಳಿಗೆ ಈಗ ನಿದ್ದೆ ಬರುತ್ತದೆ. ಲಾರಿಯಲ್ಲಿ, ಮಡಚಿದ ಕುರ್ಚಿಗಳ ಮೇಲೆ ಒರಗಿ, ಬಾಯಿ ತೆರೆದುಕೊಂಡು ಮಲಗುತ್ತಾಳೆ. ಕುರ್ಚಿಯಣ್ಣ ಪಕ್ಕದಲ್ಲಿ ಕೂತು, ತಿರುವಿನಲ್ಲಿ ಕುರ್ಚಿ ಜಾರಿ ಅವಳ ಮೇಲೆ ಬೀಳದಂತೆ ಹಿಡಿದುಕೊಂಡಿರುತ್ತಾನೆ.